ರತ್ನಕ್ಕನ ಹಿಂದೆ ಪರ್ವತಮಲೈಗೆ

ಹೋದ ತಿಂಗಳು ಮದುರೆಗೆ ಹೊರಟಿದ್ದ ಗೆಳತಿಯೊಬ್ಬಳನ್ನು ರೈಲು ಹತ್ತಿಸಲು ಎಗ್ಮೋರ್‌ಗೆ ಹೋಗಿದ್ದೆ. ವಾಪಸು ಬರುವಾಗ ಮೇಲ್ಸೇತುವೆಯ ಮೆಟ್ಟಿಲ ಹತ್ತಿರ ದಿಢೀರನೆ ಮಳೆ ಹಿಡಿಯಿತು. ಜನ ಮೈಮೇಲೆ ಬೀಳುವಂತೆ ನುಗ್ಗಿದರು. ನಾನು ಕಂಬಿ ಹಿಡಿದು, ಎಡಗಾಲನ್ನು ಮೊದಲು ಇಟ್ಟು, ಒಂದೊಂದೇ ಮೆಟ್ಟಿಲು ಹತ್ತಿದೆ. ಮೇಲೆ ಬಂದು ಮುಖ ಒರೆಸಿಕೊಳ್ಳಲು ಕೈ ಎತ್ತಿದರೆ ಅಂಗೈ ತುಂಬ ನೆನೆದ ಕಬ್ಬಿಣದ ವಾಸನೆ. ನಾಲ್ಕು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ, ಮೂರು ದಿನ ಸೋಪು ಹಾಕಿ ತಿಕ್ಕಿದರೂ ಆ ವಾಸನೆ ನನ್ನ ಕೈ ಬಿಟ್ಟಿರಲಿಲ್ಲ.

ನಾವಿರುವುದು ಅಣ್ಣಾ ನಗರದಲ್ಲಿ. ಮೂರನೆಯ ಮಹಡಿಯಲ್ಲಿ ನಾನು, ನನ್ನ ಗಂಡ ಪ್ರಸಾದ್. ನಮ್ಮ ಮನೆಯ ಕೆಳಗೇ, ಎರಡನೆಯ ಮಹಡಿಯಲ್ಲಿ ನನ್ನ ವಾರಗಿತ್ತಿ ರತ್ನಕ್ಕ ಮತ್ತು ಅವಳ ಮಗಳು ದೀಪಾ. ರತ್ನಕ್ಕನ ಗಂಡ, ಅಂದರೆ ನನ್ನ ಭಾವ, ಕನ್ನಡಕದ ಅಂಗಡಿ ಇಟ್ಟಿದ್ದರು. ನಂಜನಗೂಡಿನ ಕಡೆಯಿಂದ ಮೊದಲು ಮದ್ರಾಸಿಗೆ ಬಂದವರು ಅವರು. ಆಮೇಲೆ ತಮ್ಮನನ್ನು ಕರೆಸಿಕೊಂಡರು. ಪ್ರತಿ ವರ್ಷ ಏಪ್ರಿಲ್ ನಡುವೆ ಶುರುವಾಗುವ ತಮಿಳರ ಚಿತ್ತಿರೈ ತಿಂಗಳಲ್ಲಿ ಅಂಗಡಿಗೆ ಒಂದು ದಿನ ಬೀಗ ಹಾಕಿ, ತಿರುವಣ್ಣಾಮಲೈ ಕಡೆಯ ಪರ್ವತಮಲೈ ಹತ್ತಿ ತುದಿಯ ಮಲ್ಲಿಕಾರ್ಜುನನಿಗೆ ನೀರೆರೆದು ಬರುತ್ತಿದ್ದರು. ಆ ಬೆಟ್ಟದಲ್ಲಿ ಯಾರು ಬೇಕಾದರೂ ಲಿಂಗವನ್ನು ಮುಟ್ಟಿ ಪೂಜೆ ಮಾಡಬಹುದು ಎಂಬುದು ಅವರಿಗೆ ದೊಡ್ಡ ಹೆಮ್ಮೆ. "ಈ ಸಲನಾದ್ರೂ ಬಾರೆ," ಎಂದು ರತ್ನಕ್ಕನನ್ನು ಕರೆಯುತ್ತಿದ್ದರು. "ಮುಂದಿನ ವರ್ಷ ಬತ್ತೀನಿ, ಹೋಗಿ," ಎನ್ನುವುದು ಅವಳ ಉತ್ತರ. ಇಪ್ಪತ್ತು ವರ್ಷ ಹೀಗೇ ನಡೆಯಿತು. ನಾನು ಹೇಳಿದ ಆ ಬೇಸಿಗೆಯ ಹಿಂದಿನ ವರ್ಷ, ಆಗಸ್ಟಿನಲ್ಲಿ, ಭಾವ ಅಂಗಡಿಯಲ್ಲೇ, ಯಾರದೋ ಕನ್ನಡಕದ ತಿರುಪು ಬಿಗಿ ಮಾಡುತ್ತಿದ್ದವರು, ಹಾಗೇ ಕುರ್ಚಿಯಿಂದ ಪಕ್ಕಕ್ಕೆ ವಾಲಿದರು. ಆಸ್ಪತ್ರೆ ಮುಟ್ಟಲಿಲ್ಲ.

ಅಲ್ಲಿಂದ ಎಂಟು ತಿಂಗಳು ರತ್ನಕ್ಕ ಹೆಚ್ಚು ಕಡಿಮೆ ಮಾತೇ ಆಡಲಿಲ್ಲ. ಮೊದಲು ಅವಳ ಗಂಟಲು ಎರಡು ಮಹಡಿಗೆ ಕೇಳಿಸುವಂಥದ್ದು. ತರಕಾರಿಯವನನ್ನು ಕನ್ನಡದಲ್ಲೇ ಬೈದು ತಮಿಳಿನಲ್ಲಿ ಸಮಾಧಾನ ಮಾಡುತ್ತಿದ್ದಳು. ಈಗ ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ ಅಷ್ಟೆ. ದೀಪಾ ಶೋಳಿಂಗನಲ್ಲೂರಿನ ಕಂಪನಿಯಿಂದ ಕ್ಯಾಬಿನಲ್ಲಿ ಬಂದು ಊಟ ಮಾಡಿ ಮಲಗುವ ಹುಡುಗಿ. ಅವಳೂ ದುಃಖದಲ್ಲಿದ್ದಳು, ತಾಯಿ ಮಗಳು ಒಬ್ಬರನ್ನೊಬ್ಬರು ನೋಡುವುದನ್ನೇ ತಪ್ಪಿಸುತ್ತಿದ್ದರು.

ಏಪ್ರಿಲ್ ಕಡೆಯ ವಾರ ಸೆಖೆ ವಿಪರೀತವಾಯಿತು. ಬೆಳಿಗ್ಗೆ ಏಳಕ್ಕೇ ಗೋಡೆ ಮುಟ್ಟಿದರೆ ಬಿಸಿ. ಸಂಜೆ ಬರಬೇಕಾದ ಕಡಲ ಗಾಳಿ ಬರುತ್ತಿರಲಿಲ್ಲ. ಮೇ ತಿಂಗಳ ಕಡುಬೇಸಿಗೆಯ ಕತ್ತಿರಿ ಬಿಸಿಲು ಇನ್ನೂ ಶುರುವಾಗಿಲ್ಲ, ಆಗಲೇ ಹೀಗೆ ಎಂದು ಎಲ್ಲರೂ ಅನ್ನುತ್ತಿದ್ದರು. ಅಂಥ ಒಂದು ಮಧ್ಯಾಹ್ನ ರತ್ನಕ್ಕ ನಗುತ್ತಾ ನಮ್ಮ ಮನೆಗೆ ಬಂದಳು. ಕೈಯಲ್ಲಿ ಅವಳ ಹಿತ್ತಾಳೆಯ ಕಾಫಿ ಫಿಲ್ಟರು.

"ಇದು ನೀನೇ ಇಟ್ಕೊ ಮಂಗಳ. ದೀಪಂಗೆ ಇದರಲ್ಲಿ ಹಾಕಕ್ಕೆ ಬರಲ್ಲ," ಎಂದಳು.

ಅದು ಅವಳ ತಾಯಿ ಕೊಟ್ಟಿದ್ದು. ತೊಳೆಯಲೂ ಯಾರಿಗೂ ಕೊಡದವಳು. ನಾನು ಬೇಡವೆಂದರೂ ಕೇಳದೆ ಅಡುಗೆಮನೆಯ ಶೆಲ್ಫಿನಲ್ಲಿ ಇಟ್ಟು, ನನ್ನ ಕೆನ್ನೆ ತಟ್ಟಿ ಹೋದಳು. ಅವಳು ನಕ್ಕಳೆಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಸಂಜೆ ಪ್ರಸಾದ್ ಬಂದ ತಕ್ಷಣ, "ಅಕ್ಕ ಸುಧಾರಿಸ್ಕೋತಾ ಇದಾಳೆ ಕಣ್ರೀ," ಎಂದೆ. ಮರುದಿನ ಅವಳ ಬಾಲ್ಕನಿಯ ಕುಂಡಗಳೆಲ್ಲ ಕೆಳಗೆ ವಾಚ್‌ಮನ್ನಿನ ಕೋಣೆಯ ಮುಂದೆ ಸಾಲಾಗಿ ಇದ್ದವು. ನೀರು ಹಾಕಲು ಬೇಜಾರು ಎಂದಳು. ನಾನು ಅದನ್ನೂ ನಂಬಿದೆ.

ನನಗೆ ಅನುಮಾನ ಬಂದದ್ದು ಅದರ ಮುಂದಿನ ದಿನ. ಕೊತ್ತಂಬರಿ ಸೊಪ್ಪು ಕೇಳಲು ಕೆಳಗೆ ಹೋಗಿದ್ದೆ. ಅವಳು ಸ್ನಾನಕ್ಕೆ ಹೋಗಿದ್ದಳು. ಊಟದ ಮೇಜಿನ ಮೇಲೆ ಒಂದು ನೋಟ್‌ಬುಕ್ ತೆರೆದಿತ್ತು. ದೀಪಾಗೆ ಕನ್ನಡ ಓದಲು ಬರುವುದಿಲ್ಲ. ರತ್ನಕ್ಕನಿಗೆ ತಮಿಳು ಅಕ್ಷರ ಬಸ್ಸಿನ ಬೋರ್ಡು ಓದುವಷ್ಟು ಮಾತ್ರ ಗೊತ್ತು. ಆ ಪುಟದಲ್ಲಿ ಒಂದನೇ ತರಗತಿಯ ಮಗುವಿನ ಹಾಗೆ ದೊಡ್ಡ ದೊಡ್ಡ ತಮಿಳು ಅಕ್ಷರದಲ್ಲಿ, ಹೊಡೆದು ಹಾಕಿ ಮತ್ತೆ ಬರೆದು, ಗ್ಯಾಸ್ ಪುಸ್ತಕ ಎಲ್ಲಿದೆ, ಗೀಸರ್ ರಿಪೇರಿಯವನ ನಂಬರು, ಹುಳಿಪುಡಿಗೆ ಧನಿಯ ಎಷ್ಟು, ಮೆಣಸಿನಕಾಯಿ ಎಷ್ಟು, ಮೆಂತ್ಯ ಎಷ್ಟು ಹೊತ್ತು ಹುರಿಯಬೇಕು ಎಂದು ಬರೆದಿದ್ದಳು. ನಾನು ನಿಂತಲ್ಲೇ ನಿಂತೆ. ಬಚ್ಚಲಲ್ಲಿ ನೀರು ಬೀಳುವುದು ನಿಂತಿತು. ಕೊತ್ತಂಬರಿ ಕೇಳದೆ ಮೇಲೆ ಬಂದುಬಿಟ್ಟೆ.

ಅದೇ ಸಂಜೆ ಅವಳು ಫೋನು ಮಾಡಿ ಹೇಳಿದಳು, "ನಾಳೆ ಪರ್ವತಮಲೈಗೆ ಹೋಯ್ತಾ ಇವ್ನಿ. ಅವರು ಕರೆದಾಗೆಲ್ಲ ಹೋಗಲಿಲ್ಲ. ಒಬ್ಬಳೇ ಹೋಗಿ ಬಂದುಬಿಡ್ತೀನಿ."

"ನಾನೂ ಬರ್ತೀನಿ. ಸ್ಕೂಲಿಗೆ ರಜಾ," ಎಂದೆ.

"ನಿನ್ನ ಕೈಲಿ ಆಗಲ್ಲ ಕಣೆ," ಎಂದಳು.

ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ನಾಲ್ಕು ಗೋಡೆಯ ನಡುವೆ ನಿಂತು ಇಪ್ಪತ್ತು ವರ್ಷ ಕಳೆದಿದ್ದೇನೆ. ಆದರೂ ಬೆಟ್ಟದ ಬಗ್ಗೆ ನನಗೆ ಹೆದರಿಕೆಯಾಗಲಿಲ್ಲ. ತಿಂಡಿ ತಿಂದು ಹೊರಟರೆ ಊಟದ ಹೊತ್ತಿಗೆ ಕೆಳಗಿರಬಹುದು ಎಂದು ಭಾವ ಯಾವಾಗಲೂ ಹೇಳುತ್ತಿದ್ದರು. ನನ್ನ ಹೆದರಿಕೆ ಬೇರೆಯೇ ಇತ್ತು. ಅದನ್ನು ಪ್ರಸಾದ್‌ಗೂ ಹೇಳಲಿಲ್ಲ. ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆ ಅನ್ನಿಸಿತು. ಆ ವರ್ಷ ನಾನು ಮಾಡಿದ ದೊಡ್ಡ ತಪ್ಪು ಅದೇ.

ಮಾರನೆಯ ದಿನ ಬಸ್ಸಿನಲ್ಲಿ ತಿರುವಣ್ಣಾಮಲೈಗೆ ಹೋಗಿ ಒಂದು ಛತ್ರದಲ್ಲಿ ಇಳಿದುಕೊಂಡೆವು. ರತ್ನಕ್ಕನ ಕೈಯಲ್ಲಿ ಒಂದು ಬಟ್ಟೆಯ ಚೀಲ. ಅದರಲ್ಲಿ ಭಾವನ ಒಂದು ಟವೆಲು, ಒಂದು ತಾಮ್ರದ ಚೊಂಬು, ವಿಭೂತಿಯ ಗಟ್ಟಿ. ಬದಲಾಯಿಸಲು ಸೀರೆ ಇಲ್ಲ, ಹಲ್ಲುಜ್ಜುವ ಬ್ರಷ್ಷೂ ಇಲ್ಲ. "ವಾಪಸ್ ಹೋಗೋಕೆ ಬಸ್ಸು ಬುಕ್ ಮಾಡ್ಲಾ ಅಕ್ಕ?" ಎಂದೆ. "ನಿಂಗೆ ಮಾಡ್ಕೊ," ಎಂದಳು. ನಾನು ಎರಡು ಸೀಟು ಬುಕ್ ಮಾಡಿದೆ.

ಬೆಳಿಗ್ಗೆ ಆಟೋದವನು ನಮ್ಮನ್ನು ಬೆಟ್ಟದ ಬುಡದಲ್ಲಿ ಇಳಿಸಿದಾಗ ಇನ್ನೂ ಸೂರ್ಯ ಸರಿಯಾಗಿ ಮೇಲೆ ಬಂದಿರಲಿಲ್ಲ. ತಲೆ ಎತ್ತಿ ನೋಡಿದೆ. ಕಾಡಿನ ಮೇಲೆ ಕಾಡು, ಅದರ ಮೇಲೆ ಬರೀ ಬಂಡೆ, ಆ ಬಂಡೆಯ ನೆತ್ತಿಯಲ್ಲಿ ಬೆಂಕಿಕಡ್ಡಿ ಪೊಟ್ಟಣದಷ್ಟು ಬಿಳಿಯ ಗುಡಿ. ರತ್ನಕ್ಕ ಚಪ್ಪಲಿಯನ್ನು ಕೆಳಗೇ ಬಿಟ್ಟಳು. ಚಪ್ಪಲಿ ಕಾಯುವ ಅಂಗಡಿಯವಳು ಟೋಕನ್ ಕೊಡಲು ಬಂದರೆ, "ವೇಂಡಾಂ," ಬೇಡ, ಎಂದಳು. ನಾನು ಹಿಂದಿನಿಂದ ಆ ಟೋಕನ್ನನ್ನು ಈಸಿಕೊಂಡು ಪರ್ಸಿಗೆ ಹಾಕಿಕೊಂಡೆ.

ಮೊದಲು ಮೆಟ್ಟಿಲು. ನೂರು ಎಣಿಸುವಷ್ಟರಲ್ಲಿ ನನಗೆ ಏದುಸಿರು ಬಂದಿತ್ತು. ಮುನ್ನೂರಕ್ಕೆ ಎಣಿಸುವುದನ್ನೇ ಬಿಟ್ಟೆ. ಮೆಟ್ಟಿಲು ಮುಗಿದ ಮೇಲೆ ಕಾಡಿನೊಳಗೆ ಗುಂಡುಕಲ್ಲುಗಳ ದಾರಿ. ಅಲ್ಲಿ ಕಾಲಿಡಲು ಹದವಾದ ಜಾಗವೇ ಇಲ್ಲ. ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ರತ್ನಕ್ಕನಿಗೆ ಆಗ ಐವತ್ತನಾಲ್ಕು. ನನಗಿಂತ ಎಂಟು ವರ್ಷ ದೊಡ್ಡವಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಬರಿಗಾಲಲ್ಲಿ, ಒಮ್ಮೆಯೂ ಕೂರದೆ ಹತ್ತುತ್ತಿದ್ದಳು. ನಾನು ಕೂತಾಗ ಸ್ವಲ್ಪ ಮೇಲೆ ಹೋಗಿ ನಿಂತು ಕಾಯುತ್ತಿದ್ದಳು. ಎರಡು ಸಲ ಹೇಳಿದಳು, "ಸಾಕು, ನೀನು ಇಳಿದು ಹೋಗು ಮಂಗಳ." ಎರಡು ಸಲವೂ ನಾನು ಎದ್ದು ನಡೆದೆ. ನನ್ನ ನೀರಿನ ಎರಡು ಬಾಟಲಿಯಲ್ಲಿ ಒಂದು ಖಾಲಿಯಾಗಿತ್ತು. ಅವಳಿಗೆಂದು ಕೊಟ್ಟಿದ್ದ ಬಾಟಲಿಯನ್ನು ದಾರಿಯಲ್ಲಿ ಸಿಕ್ಕ ಯಾವುದೋ ಸಂಸಾರಕ್ಕೆ ಕೊಟ್ಟುಬಿಟ್ಟಿದ್ದಳು.

ಅರ್ಧ ದಾರಿಯಲ್ಲಿ, ಟಾರ್ಪಾಲಿನ ಕೆಳಗೆ ಒಬ್ಬ ಮುದುಕಿ ಮಜ್ಜಿಗೆ ಮಾರುತ್ತಿದ್ದಳು. ನಮಗೆ ಲೋಟ ಕೊಟ್ಟು ತನ್ನ ಸಾಮಾನು ಗಂಟು ಕಟ್ಟತೊಡಗಿದಳು. ಇನ್ನೂ ಹತ್ತು ಗಂಟೆಯಾಗಿರಲಿಲ್ಲ. ಯಾಕೆಂದು ಕೇಳಿದರೆ ಗಲ್ಲದಿಂದ ಪಶ್ಚಿಮಕ್ಕೆ ತೋರಿಸಿದಳು. ಅಲ್ಲಿ ಆಕಾಶ ಪಾಚಿಗಟ್ಟಿದ ನೀರಿನ ಬಣ್ಣಕ್ಕೆ ತಿರುಗಿತ್ತು.

"ಮಳೈ ವಂದುಡುಂ. ಇರಂಗಿಡುಂಗಮ್ಮಾ," ಎಂದಳು. ಮಳೆ ಬರುತ್ತೆ, ಇಳಿದುಬಿಡಿ ಅಂತ.

ರತ್ನಕ್ಕ ಲೋಟ ಕೆಳಗಿಟ್ಟು, ಏನೂ ಕೇಳಿಸದವಳ ಹಾಗೆ ಮೇಲಕ್ಕೆ ಹೊರಟಳು. ಮುದುಕಿ ಅವಳ ಬೆನ್ನನ್ನು ನೋಡಿದಳು, ನನ್ನನ್ನು ನೋಡಿದಳು. "ಅವಂಗಳ ತನಿಯಾ ವಿಡಾದೇ," ಎಂದಳು ಮೆಲ್ಲಗೆ. ಅವಳನ್ನು ಒಂಟಿಯಾಗಿ ಬಿಡಬೇಡ. ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತಿನಲ್ಲಿ ಆ ಹೆಂಗಸು ಕಂಡದ್ದನ್ನು ಕಾಣಲು ನನಗೆ ಎಂಟು ತಿಂಗಳು ಬೇಕಾಗಿತ್ತು.

ಕಾಡು ಮುಗಿದ ಮೇಲೆ ಬಂಡೆ. ಭಾವ ಇದನ್ನು ಯಾವತ್ತೂ ಸರಿಯಾಗಿ ವರ್ಣಿಸಿರಲಿಲ್ಲ. ನೆಟ್ಟಗೆ ನಿಂತ ಕಲ್ಲಿಗೆ ಹಾರೆಗಳನ್ನು ನಾಟಿ, ಅದಕ್ಕೆ ಸರಪಳಿ ಕಟ್ಟಿದ್ದಾರೆ. ಕಾಲಿಗೆ ಕೆತ್ತಿದ ಗುಳಿ, ಕೈಗೆ ಸರಪಳಿ, ಬೆನ್ನಿನ ಹಿಂದೆ ಬರೀ ಗಾಳಿ. ಬಿಸಿಲಿಗೆ ಕಾದ ಕಬ್ಬಿಣ ಅಂಗೈ ಸುಟ್ಟಿತು. ಮೇಲಿನಿಂದ ಜನ ಅವಸರದಲ್ಲಿ ಇಳಿಯುತ್ತಿದ್ದರು. ಒಬ್ಬ ಹುಡುಗ, "ಆಂಟಿ, ಹೋಗಬೇಡಿ," ಎಂದು ತಮಿಳಿನಲ್ಲಿ ಕೂಗಿದ. ಮೇಲೆ ರತ್ನಕ್ಕನ ಒಡೆದ ಹಿಮ್ಮಡಿಗಳು ಮಾತ್ರ ಕಾಣುತ್ತಿದ್ದವು. ಅವನ್ನೇ ನೋಡುತ್ತಾ ಹತ್ತಿದೆ.

ತುದಿ ತಲುಪಿದಾಗ ಗಾಳಿ ಎದ್ದಿತ್ತು. ಗುಡಿಯ ಒಳಗೆ ರತ್ನಕ್ಕ ಚೊಂಬಿನಿಂದ ಲಿಂಗಕ್ಕೆ ನೀರೆರೆದಳು, ವಿಭೂತಿ ಹಚ್ಚಿದಳು. ಆಮೇಲೆ ಎರಡೂ ಕೈಯಿಂದ ಲಿಂಗವನ್ನು ಹಿಡಿದು ಹಣೆ ಊರಿ ಕೂತುಬಿಟ್ಟಳು. ಅಳಲಿಲ್ಲ. ಹೊರಗೆ ಬಂದು ಬಂಡೆಯ ಅಂಚಿಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತು, ಟವೆಲನ್ನು ಹೆಗಲಿಗೆ ಹಾಕಿಕೊಂಡಳು.

"ನೀನು ಇಳಿ. ನಾನು ಒಂದಷ್ಟು ಹೊತ್ತು ಇದ್ದು ಬತ್ತೀನಿ."

"ನಾನೂ ಇರ್ತೀನಿ."

"ಮಳೆ ಬತ್ತದೆ ಕಣೆ."

"ಬರ್ಲಿ."

ನಾನು ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಯಾವಾಗ ಹಿಡಿದೆನೋ ಗೊತ್ತಿಲ್ಲ. "ಅಕ್ಕ, ನೀನು ವಾಪಸ್ ಬರಬಾರದು ಅಂತ ಬಂದಿದೀಯಾ?" ಎಂದು ಕೇಳಿದೆ.

ಅವಳು ನನ್ನ ಮುಖ ನೋಡಲಿಲ್ಲ. "ಸೆರಗು ಬಿಡು. ಹರೀತದೆ," ಎಂದಳು ಅಷ್ಟೆ.

ಮೊದಲ ಸಿಡಿಲು ಪಕ್ಕದ ಬೆಟ್ಟಕ್ಕೆ ಬಡಿಯಿತು. ಗುಡಿಯ ಹತ್ತಿರ ಇದ್ದ ಒಬ್ಬ ವಯಸ್ಸಾದ ಸ್ವಾಮಿ ಓಡಿ ಬಂದು ಎಲ್ಲರನ್ನೂ ಮಂಟಪದ ಒಳಕ್ಕೆ ತಳ್ಳಿದ. "ಸಂಗಿಲಿಯ ತೊಡಾದೀಂಗ! ಸಂಗಿಲಿಯ ತೊಡಾದೀಂಗ!" ಎಂದು ಕೂಗುತ್ತಿದ್ದ. ಸರಪಳಿ ಮುಟ್ಟಬೇಡಿ. ನಾವು ಹತ್ತು ಹನ್ನೆರಡು ಜನ ಗೋಡೆಗೆ ಅಂಟದೆ ನಡುವೆ ಮುದುಡಿ ಕೂತೆವು. ಮಧ್ಯಾಹ್ನವೇ ಕತ್ತಲಾಯಿತು. ಸಿಡಿಲು ಬಿದ್ದಾಗೆಲ್ಲ ಎಲ್ಲರ ಮುಖ ಸುಣ್ಣ ಬಳಿದ ಹಾಗೆ ಕಾಣಿಸಿ ಮತ್ತೆ ಮಾಯವಾಗುತ್ತಿತ್ತು. ಯಾರೋ ಮಗುವಿನ ಕಿವಿ ಮುಚ್ಚಿದ್ದರು. ನಾನು ರತ್ನಕ್ಕನ ಮಣಿಕಟ್ಟು ಹಿಡಿದು ಕೂತಿದ್ದೆ. ಅವಳ ನಾಡಿ ನಿಧಾನವಾಗಿ, ಶಾಂತವಾಗಿ ಹೊಡೆದುಕೊಳ್ಳುತ್ತಿತ್ತು. ಆ ಶಾಂತಿಗೆ ನಾನು ಸಿಡಿಲಿಗಿಂತ ಹೆಚ್ಚು ಹೆದರಿದೆ.

ಮುಕ್ಕಾಲು ಗಂಟೆಯಲ್ಲಿ ಗುಡುಗು ದೂರ ಹೋಯಿತು, ಮಳೆ ಸಣ್ಣದಾಯಿತು. ಸ್ವಾಮಿ ಇನ್ನಷ್ಟು ಹೊತ್ತು ಎಲ್ಲರನ್ನೂ ತಡೆದು, ಆಮೇಲೆ ಸರಸರ ಇಳಿಸತೊಡಗಿದ. ಸರಪಳಿಯಲ್ಲಿ ಇಬ್ಬರು ಪಕ್ಕಪಕ್ಕ ಇಳಿಯುವಂತಿಲ್ಲ.

"ನೀನು ಮುಂದೆ. ನಾನು ಹಿಂದೇನೇ ಬತ್ತೀನಿ," ಎಂದಳು ರತ್ನಕ್ಕ.

"ಆಣೆ ಮಾಡು."

"ಇಳಿಯೇ, ಜನ ಕಾಯ್ತಾವ್ರೆ."

ಆಣೆ ಮಾಡಲಿಲ್ಲ. ಹಿಂದಿದ್ದವರು ನೂಕಿದರು. ನಾನು ಇಳಿದೆ. ಒಂದು ಗುಳಿಗೆ ಕಾಲಿಟ್ಟು ಮೇಲೆ ನೋಡುವುದು, ಅವಳ ಸೀರೆ ಕಂಡರೆ ಇನ್ನೊಂದು ಕಾಲು. ನಡುವೆ ಬಂದ ಮೂವರಿಗೆ ಬಂಡೆಗೆ ಒತ್ತಿ ನಿಂತು ದಾರಿ ಬಿಟ್ಟೆ. ಅವರು ಕೆಳಗೆ ಮರೆಯಾದರು. ಮತ್ತೆ ಮೇಲೆ ನೋಡಿದೆ. ಅವಳು ಸರಪಳಿಯ ತುದಿಯಲ್ಲಿ ಇರಲಿಲ್ಲ.

"ಅಕ್ಕಾ!" ಎಂದು ಕೂಗಿದ್ದು ನೆನಪಿದೆ. ಕತ್ತನ್ನು ಪೂರ್ತಿ ಹಿಂದಕ್ಕೆ ಹಾಕಿ ಬಂಡೆಯ ಅಂಚನ್ನು ಹುಡುಕುತ್ತಿದ್ದೆ. ಬಲಗಾಲು ನೀರು ಹರಿಯುತ್ತಿದ್ದ ಕಲ್ಲಿನ ಮೇಲೆ ಬಿತ್ತು. ಸರಪಳಿ ಕೈಯೊಳಗಿಂದ ಜಾರುತ್ತಾ ಹೋಯಿತು. ಎರಡು ಆಳು ಕೆಳಗೆ ಒಂದು ಚಾಚುಗಲ್ಲಿನ ಮೇಲೆ ಬಿದ್ದೆ. ಪಾದ ಒಂದು ಹಾರೆಗೆ ಸಿಕ್ಕಿಕೊಂಡು ಇಡೀ ಮೈ ಬೇರೆ ಕಡೆ ತಿರುಗಿತು. ಹಸಿ ಕಟ್ಟಿಗೆ ಮುರಿದಂಥ ಸದ್ದು. ಅದು ನನ್ನ ಕಾಲಿನದು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಕಣ್ಣು ತೆರೆದಾಗ ರತ್ನಕ್ಕ ಮೇಲೆ ಅಂಚಿನಲ್ಲಿ ನಿಂತಿದ್ದಳು. ಸರಪಳಿಯಿಂದ ಬಹಳ ದೂರ, ಎಡಕ್ಕೆ, ಯಾರೂ ಹೋಗದ ಕಡೆ. ಸೀರೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ನನ್ನ ಕೂಗಿಗೆ ತಿರುಗಿದ್ದಳು. ಅಷ್ಟು ಕೆಳಗಿನಿಂದ ಅವಳ ಮುಖ ನನಗೆ ಕಾಣಲಿಲ್ಲ. ನಾವು ಹಾಗೆ ಎಷ್ಟು ಹೊತ್ತು ಇದ್ದೆವೋ ಹೇಳಲಾರೆ. ಅವಳು ಒಮ್ಮೆ ಮುಂದಿನ ಬಯಲನ್ನು ನೋಡಿದಳು. ಆಮೇಲೆ ಬಗ್ಗಿ, ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು, ಸರಪಳಿಯ ಕಡೆ ನಡೆದಳು.

ಬಂದವಳೇ ಭಾವನ ಟವೆಲನ್ನು ಉದ್ದಕ್ಕೆ ಹರಿದಳು. ನನ್ನ ಬೆನ್ನಿನ ಚೀಲದಲ್ಲಿದ್ದ ಕೊಡೆಯ ಕಾವನ್ನು ಕಾಲಿಗೆ ಇಟ್ಟು ಬಿಗಿದು ಕಟ್ಟಿದಳು. ನಾನು ಚೀರಿದೆ.

"ಚೀರು, ಚೆನ್ನಾಗಿ ಚೀರು. ಸರಪಳಿ ಬಿಟ್ಟೀಯೆ, ಹುಷಾರು," ಎಂದಳು. ಎಂಟು ತಿಂಗಳಿಂದ ಕೇಳದ ಗಂಟಲು. ತಾನು ಮೊದಲು ಒಂದು ಗುಳಿ ಇಳಿದು, ನನ್ನ ಎಡಗಾಲನ್ನು ತನ್ನ ಹೆಗಲ ಮೇಲೆ ಇಡಿಸಿಕೊಂಡು, ಮುಂದಿನ ಗುಳಿಗೆ ಇಳಿಸುತ್ತಿದ್ದಳು. ಹಾಗೆ ಒಂದೊಂದೇ. ಬೈಗುಳ ನಿಲ್ಲಲೇ ಇಲ್ಲ. "ಬರಬೇಡ ಅಂದ್ರೆ ಕೇಳಿದ್ಯಾ? ಮಕ್ಕಳಿಗೆ ಪಾಠ ಹೇಳೋಳು, ಕಾಲು ನೋಡ್ಕೊಂಡು ಇಳೀಬೇಕು ಅಂತ ಗೊತ್ತಿಲ್ವಾ? ಕಣ್ಣು ಎಲ್ಲಿತ್ತೇ ನಿಂದು?"

"ನಿನ್ನ ಮೇಲೆ."

ಆಮೇಲೆ ಹತ್ತು ಗುಳಿ ಇಳಿಯುವವರೆಗೂ ನನ್ನ ಪಾದದ ಕೆಳಗೆ ಅವಳ ಹೆಗಲು ಅದುರುತ್ತಲೇ ಇತ್ತು.

ಬಂಡೆಯ ಬುಡದಲ್ಲಿ, ಹೋಗಬೇಡಿ ಎಂದು ಕೂಗಿದ್ದ ಹುಡುಗ ಮತ್ತು ಅವನ ಗೆಳೆಯರು ಇನ್ನೂ ಇದ್ದರು. ಅವರು ಕೊಂಬೆ ಕಡಿದು, ಲುಂಗಿ ಕಟ್ಟಿ ಡೋಲಿಯಂತೆ ಮಾಡಿ, ಕಾಡಿನ ದಾರಿಯಲ್ಲಿ ನನ್ನನ್ನು ಹೊತ್ತರು. ಕೆಳಗೆ ಮುಟ್ಟಿದಾಗ ಸೂರ್ಯ ಮುಳುಗುತ್ತಿದ್ದ. ರತ್ನಕ್ಕನ ಎರಡೂ ಅಂಗಾಲು ಕಿತ್ತುಹೋಗಿ ರಕ್ತ ಜಿನುಗುತ್ತಿತ್ತು. ನಾನು ಪರ್ಸಿನಿಂದ ಟೋಕನ್ ತೆಗೆದು ಕೊಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಹೋಗಿ ಚಪ್ಪಲಿ ಈಸಿಕೊಂಡು ಬಂದಳು.

ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟು ಕೂರಿಸಿದರು. ಆಸ್ಪತ್ರೆಯ ಹಾಸಿಗೆಯಲ್ಲೇ ಪ್ರಸಾದ್‌ಗೆ, ದೀಪಾಗೆ ಎಲ್ಲ ಹೇಳಿದೆ. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ. ದೀಪಾ ಕಿಟಕಿಯ ಕಡೆ ತಿರುಗಿ, "ಚಿತ್ತಿ, ನಾನ್ ಪಾಕ್ಕವೇ ಇಲ್ಲಿಯೇ," ಎಂದಳು. ಚಿಕ್ಕಮ್ಮ, ನಾನು ನೋಡಲೇ ಇಲ್ಲವಲ್ಲ ಅಂತ. ಅವಳು ರಜಾ ಹಾಕಿದಳು. ತಾಯಿಯ ಕೋಣೆಗೇ ಹಾಸಿಗೆ ಸಾಗಿಸಿದಳು. ಅಣ್ಣಾ ನಗರದಲ್ಲೇ ಒಬ್ಬ ಮನಸ್ಸಿನ ಡಾಕ್ಟರ ಬಳಿ ಕರೆದೊಯ್ದಳು. "ನಂಗೇನಾಗದೆ?" ಎನ್ನುತ್ತಲೇ ರತ್ನಕ್ಕ ಹೋದಳು. ಮುಂದಿನ ವಾರವೂ ಹೋದಳು. ಮಾತ್ರೆ ನುಂಗಿದಳು.

ಮೇ ಪೂರ್ತಿ, ಜೂನ್ ಪೂರ್ತಿ ನಾನು ಮಲಗಿದ್ದೆ. ಕತ್ತಿರಿ ಬಿಸಿಲು ಬಂದು ಹೋಯಿತು. ಪ್ಲಾಸ್ಟರಿನೊಳಗೆ ಕಾಲು ಬೆವರಿ ನವೆಯಾಗುತ್ತಿತ್ತು. ದಿನಾ ಬೆಳಿಗ್ಗೆ ಹತ್ತಕ್ಕೆ ರತ್ನಕ್ಕ ಮೇಲೆ ಬಂದು ಅಡುಗೆ ಮಾಡಿ, ನನಗೆ ಬಡಿಸಿ, ಎದುರಿಗೆ ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಿದ್ದಳು. ಬೆಟ್ಟದ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಕೆಲವು ದಿನ ಅವಳ ಕಣ್ಣು ಮತ್ತೆ ಆ ಬಯಲನ್ನು ನೋಡುತ್ತಿರುವಂತೆ ಎಲ್ಲೋ ನಿಲ್ಲುತ್ತಿತ್ತು. ಅಂಥ ಹೊತ್ತಿನಲ್ಲಿ ನಾನು ನೀರು ಕೇಳುತ್ತಿದ್ದೆ, ದಿಂಬು ಸರಿ ಮಾಡು ಎನ್ನುತ್ತಿದ್ದೆ. ಅವಳು ಎದ್ದು ಬರುತ್ತಿದ್ದಳು.

ಪ್ಲಾಸ್ಟರು ತೆಗೆದ ಮೇಲೆ ನಡೆಸುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಜುಲೈ ತಿಂಗಳ ಒಂದು ಸಂಜೆ. ಎಷ್ಟೋ ದಿನದ ಮೇಲೆ ಕಡಲ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು. ಹೊರಗಿನ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು ನಡೆಸುತ್ತಿದ್ದವಳು ಇದ್ದಕ್ಕಿದ್ದಂತೆ ಹೇಳಿದಳು, "ಆವತ್ತು ನೀನು ಬೀಳದೆ ಹೋಗಿದ್ರೆ..."

ಕೆಳಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಹೋದರು.

"ಬೀಳದೆ ಹೋಗಿದ್ರೆ ಅಂತ ದಿನಾ ಯೋಚನೆ ಮಾಡ್ತೀನಿ ಮಂಗಳ. ಒಂದು ದಿನಾನೂ ಬಿಟ್ಟಿಲ್ಲ." ಅವಳು ನನ್ನ ತೋಳನ್ನು ಇನ್ನಷ್ಟು ಸರಿಯಾಗಿ ಹಿಡಿದುಕೊಂಡಳು. "ಇವತ್ತು ಮಾಡಲಿಲ್ಲ ಕಣೆ. ಬೆಳಿಗ್ಗೆಯಿಂದ ಮರೆತೇ ಹೋಗದೆ. ಈಗ ನಿನ್ನ ಕಾಲು ನೋಡಿದಾಗ ಗ್ಯಾಪ್ಕ ಬಂತು, ಇವತ್ತು ಮಾಡ್ಲೇ ಇಲ್ವಲ್ಲ ಅಂತ."

ನಾನು ಗೋಡೆ ಹಿಡಿದು ನಿಂತೆ.

"ನಿಂತುಬಿಟ್ಟೆಯಲ್ಲ," ಎಂದಳು ರತ್ನಕ್ಕ. "ನಡಿ, ಇನ್ನೂ ಇಪ್ಪತ್ತು ಹೆಜ್ಜೆ ಅವೆ."